ಟಿವಿ ತಗೊಳ್ಳಾಕ ಹೋದ್ರ ಮೊದಲು ಕಪ್ಪು ನೋಡ್ರಿ

ದೀಪಾವಳಿ ಬಂತಂದ್ರ ರಾಯಚೂರು, ಗಂಗಾವತಿ, ಬಳ್ಳಾರಿ ಯಾವ ಊರಿನ ಟಿವಿ ಅಂಗಡಿಗೆ ಹೋದ್ರೂ ಒಂದ ಮಾತು, ಇದು ಫುಲ್ ಎಚ್‌ಡಿ ಸರ್, ಇದು 4ಕೆ ಸರ್, ಇನ್ನೊಂದ್ ಐದ್ ಸಾವಿರ ಹಾಕ್ರಿ ಭಾಳ ಕ್ಲಿಯರ್ ಬರ್ತೈತಿ. ಕ್ಲಿಯರ್ ಅಂದ್ರ ಏನು, ಎಷ್ಟು ದೂರದಿಂದ ನೋಡಿದ್ರ ಕ್ಲಿಯರ್, ಯಾರೂ ಕೇಳಂಗಿಲ್ಲ. ಕಡಿಮಿ ರೊಕ್ಕದಾಗ ಮೊದಲನೇ ಎಚ್‌ಡಿ ಟಿವಿ ತಗೊಳ್ಳೋರು ಆ ಐದು ಸಾವಿರ ಬರೇ ಪಿಕ್ಸೆಲ್‌ಗೆ, ಅಂದ್ರ ಚಿತ್ರ ಮೂಡಿಸೋ ಸಣ್ಣ ಸಣ್ಣ ಚುಕ್ಕಿಗೆ, ಸುರಿಯೂದು ಬಹುತೇಕ ದಂಡ ಅಂತ ನಾ ಹೇಳ್ತೀನಿ, ಯಾಕಂದ್ರ ಆ ಪಿಕ್ಸೆಲ್ ನಮ್ಮ ಕಣ್ಣಿಗೆ ಮುಟ್ಟೂದ ಇಲ್ಲ. ಅದಕ್ಕಿಂತ ಮೊದಲು ನೋಡಬೇಕಾದ್ದು ಟಿವಿ ಕಪ್ಪನ್ನ ಎಷ್ಟು ಕಪ್ಪಾಗಿ ತೋರಿಸ್ತೈತಿ ಅನ್ನೂದು.

ಕಣ್ಣಿಗೂ ಒಂದು ಮಿತಿ ಐತಿ ನೋಡ್ರಿ. ದವಾಖಾನ್ಯಾಗ 6/6 ಅಂತ ಬರ್ದು ಕೊಡ್ತಾರಲ್ಲ, ಆ ಕಣ್ಣು ಒಂದು ಡಿಗ್ರಿಯನ್ನ 60 ಪಾಲು ಮಾಡಿದ್ರ ಅದರಾಗಿನ ಒಂದು ಪಾಲಿನಷ್ಟು ಸಂದು ಬಿಡಿಸಿ ನೋಡ್ತೈತಿ, ಅದಕ್ಕಿಂತ ಸಣ್ಣದಾದ್ರ ಎರಡು ಚುಕ್ಕಿ ಕೂಡಿ ಒಂದ ಆಗಿಬಿಡ್ತಾವ. 32 ಇಂಚಿನ ಟಿವಿ ಪರದೆ ಅಗಲ ಸುಮಾರು 71 ಸೆಂಟಿಮೀಟರ್, ಎಚ್‌ಡಿ ರೆಡಿ (ಫುಲ್ ಎಚ್‌ಡಿಗಿಂತ ಕಡಿಮಿ ಚುಕ್ಕಿದು) ಆದ್ರ ಅಡ್ಡಕ್ಕ 1366 ಪಿಕ್ಸೆಲ್, ಅಂದ್ರ ಒಂದೊಂದು ಅರ್ಧ ಮಿಲಿಮೀಟರ್. ಆ ಚುಕ್ಕಿ ಸುಮಾರು ಆರು ಅಡಿ ದೂರದಾಗ ಕಣ್ಣಿನ ಮಿತಿಗೆ ಬಂದು ನಿಲ್ತೈತಿ. ಅದ ಅಳತಿಯ ಫುಲ್ ಎಚ್‌ಡಿ ಟಿವಿದು ನಾಲ್ಕು ಅಡಿ ದಾಟೂದ್ರಾಗ ಮುಗೀತು. 43 ಇಂಚಿನ 4ಕೆ ಟಿವಿಯ ಪೂರಾ ಲಾಭ ಬೇಕಂದ್ರ ಮೂರು ಅಡಿ ಒಳಗ ಕುಂದ್ರಬೇಕಾಗ್ತೈತಿ. ನಮ್ಮ ಮನ್ಯಾಗ ಈ ಗ್ವಾಡಿಗೆ ಟಿವಿ, ಎದುರಿನ ಗ್ವಾಡಿಗೆ ಬೆನ್ನು ಹಚ್ಚಿ ಮಂದಿ, ನಡುವ ಎಂಟು ಹತ್ತು ಅಡಿ, ಮುಂದ ನೀವ ಲೆಕ್ಕ ಹಾಕ್ರಿ.

ಇನ್ನ ಬರೋ ಚಿತ್ರ ಎಂಥಾದ್ದು? ಫ್ರೀ ಡಿಶ್‌ನಾಗ ಬರೂವು ಬಹುತೇಕ ಎಸ್‌ಡಿ, ಅಂದ್ರ ಎಚ್‌ಡಿ ಅಲ್ಲದ ಸಾದಾ ಚಾನೆಲ್, ಹೆಚ್ಚಂದ್ರ 720×576, ಅಂದ್ರ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. 4ಕೆ ಪರದ್ಯಾಗ 83 ಲಕ್ಷ ಚುಕ್ಕಿ. ಬಂದ ಒಂದು ಚುಕ್ಕಿಗೆ ಟಿವಿ 20 ಚುಕ್ಕಿ ತುಂಬಿಸಬೇಕು, ಉಳಿದ 19 ಅಂದಾಜಿನ ಮ್ಯಾಲೆ ತುಂಬಿಸೋವು, ಅಗ್ಗದ ಟಿವಿ ಒಳಗಿನ ಚಿಪ್ ಆ ಅಂದಾಜನ್ನ ಅಷ್ಟೇನು ಚಲೋ ಮಾಡಂಗಿಲ್ಲ, ಅದಕ್ಕ ದೊಡ್ಡ ಟಿವ್ಯಾಗ ನ್ಯೂಸ್ ಓದೋರ ಮುಖ ಮೇಣ ಸವರಿದಂಗ ಕಾಣೂದು.

ಸಿಗ್ನಲ್ ಮಾತು ಬಂತಂತ ಹೇಳ್ತೀನಿ, ಟಿವಿ ವಿಷಯದಾಗ ನಮ್ಮ ಕಡೆ ಹಿಂದುಳಿದಿದ್ದು ಅನ್ನೋರಿಗೆ ಇದು ಗೊತ್ತಿರಂಗಿಲ್ಲ. 1975ರ ಆಗಸ್ಟ್ 1ಕ್ಕ ಸೈಟ್ ಅನ್ನೋ ಪ್ರಯೋಗ ಶುರು ಆತು, ನಾಸಾದ ಎಟಿಎಸ್-6 ಉಪಗ್ರಹದಿಂದ ಸೀದಾ ಹಳ್ಳಿಗೆ ಟಿವಿ, ಆರು ರಾಜ್ಯದಾಗ ಸುಮಾರು 2400 ಹಳ್ಳಿ. ಕರ್ನಾಟಕದಾಗ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆ, ಕೊಪ್ಪಳ ಆಗ ರಾಯಚೂರು ಜಿಲ್ಲ್ಯಾಗ ಇತ್ತು. ಜಾಳಿಗಿ ತಂತಿಯಿಂದ ಮಾಡಿದ ಮೂರು ಮೀಟರ್ ಡಿಶ್, ಊರಿಗೊಂದು ಬ್ಲ್ಯಾಕ್ ಅಂಡ್ ವೈಟ್ ಸೆಟ್, ಕನ್ನಡದಾಗ ಒಕ್ಕಲುತನ, ಆರೋಗ್ಯ, ಸಾಲಿ ಮಕ್ಕಳ ಕಾರ್ಯಕ್ರಮ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರಾಗ! ಒಂದು ವರ್ಷಕ್ಕ ಪ್ರಯೋಗ ಮುಗೀತು, ಉಪಗ್ರಹ ಹೋತು, ಅದು ಬ್ಯಾರೆ ಮಾತು.

ಈಗ ಕಪ್ಪಿಗೆ ಬರೂಣು. ಎಲ್‌ಇಡಿ ಟಿವಿ ಅಂತ ಮಾರೂದೆಲ್ಲ ಖರೇ ಅಂದ್ರ ಎಲ್‌ಸಿಡಿ ಟಿವಿನ, ಹಿಂದ ಬೆಳಕಿಗೆ ಎಲ್‌ಇಡಿ ದೀಪ ಇಟ್ಟಾರ ಅಷ್ಟ, ಕ್ಯೂಎಲ್‌ಇಡಿ ಅಂದ್ರೂ ಬಹುತೇಕ ಅದ, ಬಣ್ಣ ಸುಧಾರಿಸೋ ಒಂದು ಪದರ ಹೆಚ್ಚಿಗೆ. ಒಎಲ್‌ಇಡಿ ಮಾತ್ರ ಬ್ಯಾರೆ, ಅದರಾಗ ಪಿಕ್ಸೆಲ್ ತಾನ ಬೆಳಕು ಕೊಡ್ತೈತಿ, ಆದ್ರ ಅದು ನಮ್ಮ ಬಜೆಟ್ ಅಲ್ಲ, ಬಿಡ್ರಿ. ಎಲ್‌ಸಿಡಿ ಒಳಗ ಎರಡು ಪೋಲರೈಸರ್ ಹಾಳಿ ಒಂದಕ್ಕೊಂದು ಅಡ್ಡ ಕುಂತಿರ್ತಾವ, ಮೊದಲನೇದು ಒಂದ ದಿಕ್ಕಿನ್ಯಾಗ ಅಲುಗೋ ಬೆಳಕು ಬಿಡ್ತೈತಿ, ಎರಡನೇದು ಆ ಬೆಳಕನ್ನ ತಡೀತೈತಿ. ನಡುವ ದ್ರವ ಹರಳು, ಎಲ್‌ಸಿಡಿ ಹೆಸರಿನ್ಯಾಗಿನ ಲಿಕ್ವಿಡ್ ಕ್ರಿಸ್ಟಲ್ ಅಂದ್ರ ಇದ. ವೋಲ್ಟೇಜ್ ಹಾಕಿದಂಗ ಅದರ ಅಣು ಹೊರಳ್ತಾವ, ಬೆಳಕಿನ ದಿಕ್ಕು ತಿರುಗ್ತೈತಿ, ತಿರುಗಿದಷ್ಟು ಬೆಳಕು ಹೊರಗ. ಅಂದ್ರ ಟಿವಿ ಕಪ್ಪು ತೋರಿಸೂ ಹೊತ್ತಿನ್ಯಾಗೂ ಸಾಮಾನ್ಯವಾಗಿ ಹಿಂದಿನ ದೀಪ ಉರೀತಾನ ಇರ್ತೈತಿ, ಪಿಕ್ಸೆಲ್ ಅದನ್ನ ತಡದು ನಿಂತಿರ್ತೈತಿ. ಮಧ್ಯಾಹ್ನ ಬಾಗಿಲಿಗೆ ತಟ್ಟಿ ಕಟ್ಟಿದ್ರೂ ಸಂದಿನ್ಯಾಗಿಂದ ಬಿಸಿಲು ಬರ್ತೈತಲ್ಲ, ಹಂಗ ಸ್ವಲ್ಪ ಸೋರ್ತೈತಿ. ಎಲ್‌ಸಿಡಿ ಪರದ್ಯಾಗ ಐಪಿಎಸ್, ವಿಎ ಅಂತ ಎರಡು ಮುಖ್ಯ ನಮೂನಿ ಪ್ಯಾನೆಲ್ ಅದಾವ. ಐಪಿಎಸ್ ಪ್ಯಾನೆಲ್‌ನಾಗ ಬಿಳಿಯ ಸುಮಾರು ಸಾವಿರದ ಒಂದು ಪಾಲು ಸೋರ್ತೈತಿ, ವಿಎ ಪ್ಯಾನೆಲ್‌ನಾಗ ಮೂರು ಸಾವಿರದ ಒಂದು ಪಾಲು ಇಲ್ಲಾ ಅದಕ್ಕಿಂತ ಕಡಿಮಿ. ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡಿದ್ರ ಈ ವ್ಯತ್ಯಾಸ ಹತ್ತು ಅಡಿ ದೂರದಿಂದನೂ ಕಣ್ಣಿಗೆ ಹೊಡೀತೈತಿ, ಕಪ್ಪು ಬೂದಿ ಆದ್ರ ಉಳಿದ ಬಣ್ಣನೂ ಸಪ್ಪಗ.

ಹಂಗಾರ ವಿಎ ತಗೊಂಡ್ರ ಮುಗೀತಾ? ಇಲ್ಲ. ವಿಎ ಅಣುಗಳು ಗಾಜಿಗೆ ನೆಟ್ಟಗ ನಿಂತು ಬೆಳಕು ತಡೀತಾವ, ಎದುರಿಗೆ ಕುಂತೋರಿಗೆ ಚಲೋ, ಬಾಜೂಕ ಇಲ್ಲಾ ಕೆಳಗ ಕುಂತೋರಿಗೆ ಓರೆ ಆಗಿ ಕಾಣ್ತಾವ, ಚಿತ್ರ ಬಿಳಚಿಕೊಳ್ತೈತಿ. ಐಪಿಎಸ್ ಅಣುಗಳು ಗಾಜಿನ ಉದ್ದಕ್ಕ ಮಲಗಿ ಅಲ್ಲೇ ತಿರುಗ್ತಾವ, ಯಾವ ಕಡೆ ಕುಂತ್ರೂ ಅಷ್ಟು ಫರಕ್ ಬರಂಗಿಲ್ಲ. ನಮ್ಮಲ್ಲಿ ಮಕ್ಕಳು ಮುಟ್ಟಬಾರದಂತ ಟಿವಿ ಆರಡಿ ಎತ್ತರಕ್ಕ ಹೊಡೀತಾರ, ಮಂದಿ ಚಾಪಿ ಮ್ಯಾಲೆ ಕುಂದರ್ತಾರ, ಹಗಲೆಲ್ಲ ಬಾಗಿಲು ತೆಗದಿರ್ತೈತಿ. ಹಗಲು ಬೆಳಕು ಗಾಜಿಗೆ ಬಿದ್ದ ಮ್ಯಾಲೆ ಯಾವ ಪ್ಯಾನೆಲ್‌ದ ಕಪ್ಪೂ ಕಪ್ಪಾಗಿ ಉಳಿಯಂಗಿಲ್ಲ, ಅಂಥ ಮನಿಗೆ ಬೆಳಕು ಹೆಚ್ಚಿರೋ ಐಪಿಎಸ್ ವಾಸಿ. ರಾತ್ರಿನ ನೋಡೋರು, ಎದುರಿಗೇ ಕುಂದ್ರೋರು, ವಿಎ ತಗೋರಿ.

ಈ ಓರೆ ನೋಟದ ತೊಂದ್ರಿಗೆ ಒಂದು ಮದ್ದಿನ ಬೇರು ಬೆಂಗಳೂರಿನ್ಯಾಗ ಐತಿ. 1977ರ ತನಕ ದ್ರವ ಹರಳು ಅಂದ್ರ ಕಡ್ಡಿಯಂಥ ಅಣುಗಳದ್ದು ಅಂತ ನಂಬಿದ್ರು, ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಜೋಡಿದಾರರು ನಾಣ್ಯದಂಗ ಚಪ್ಪಟಿ ದುಂಡನ ಅಣುಗಳಿಂದಾನೂ ಆಗ್ತೈತಿ ಅಂತ ತೋರಿಸಿದ್ರು. ಮುಂದ ಅಂಥ ಅಣುಗಳ ಪದರ ಎಲ್‌ಸಿಡಿ ಮ್ಯಾಲೆ ಹಚ್ಚಿ ಓರೆಯಿಂದ ನೋಡಿದ್ರೂ ಚಿತ್ರ ಕೆಡದಂಗ ಮಾಡಿದ್ರು. ಇದನ್ನ ನಮ್ಮ ಸಾಲಿ ಪುಸ್ತಕದಾಗ ದಪ್ಪ ಅಕ್ಷರದಾಗ ಹಾಕಬೇಕಿತ್ತು.

ಅಂಗಡ್ಯಾಗ ಅವರು ಹಚ್ಚಿರೂದು ಹೂವು, ಗಿಳಿ, ಸಮುದ್ರದ ಡೆಮೊ ವಿಡಿಯೋ, ಅದರಾಗ ಎಲ್ಲಾ ಟಿವಿನೂ ಚಂದ. ಪೆನ್‌ಡ್ರೈವ್‌ನಾಗ ಪೂರಾ ಕಪ್ಪು ಫೋಟೋ ಒಂದು, ರಾತ್ರಿ ಸೀನಿನ ಫೋಟೋ ಒಂದು ಹಾಕ್ಕೊಂಡು ಹೋಗ್ರಿ, ವಿವಿಡ್ ಮೋಡ್ ತೆಗದು ಸ್ಟ್ಯಾಂಡರ್ಡ್ ಮಾಡಿಸ್ರಿ, ಆ ಮೂಲಿ ಲೈಟ್ ಒಂದು ಆರಿಸಂತ ಹೇಳ್ರಿ, ಎದುರಿಗೆ ನಿಂತು, ಬಾಜೂಕ ಹೋಗಿ, ಕುಕ್ಕರಗಾಲಿನ್ಯಾಗ ಕುಂತು ಮ್ಯಾಲಕ್ಕ ನೋಡ್ರಿ, ನಗೋರು ನಗಲಿ. ಚಿನ್ನದ ಲೇಪ ಇರೋ ಎಚ್‌ಡಿಎಂಐ ಕೇಬಲ್ ಕೊಟ್ರ ಬ್ಯಾಡ ಅನ್ರಿ, ಡಿಜಿಟಲ್ ಸಿಗ್ನಲ್ ಕೇಬಲ್ ತುಟ್ಟಿ ಆದ್ರ ಚಂದ ಆಗಂಗಿಲ್ಲ. ದೊಡ್ಡದಕ್ಕ ಟ್ಯಾಕ್ಸ್ ಹೆಚ್ಚು ಅನ್ನೋ ಮಾತೂ ಹಳೇದಾತು, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡವಕ್ಕೂ ಜಿಎಸ್‌ಟಿ 18 ಪರ್ಸೆಂಟ್.

ಆಮ್ಯಾಲೆ ಬ್ರ್ಯಾಕೆಟ್ ಹೊಡ್ಯಾಕ ಬಂದ ಹುಡುಗಗ ಡ್ರಿಲ್ ಹಿಡಿಯೂಕಿಂತ ಮೊದಲ ಹೇಳ್ರಿ, ಪರದೆ ನಡು ಭಾಗ ಕುಂತೋರ ಕಣ್ಣಿನ ಸಮ ಬರಬೇಕು, ಟ್ಯೂಬ್‌ಲೈಟಿನ ಸಮ ಅಲ್ಲ ಅಂತ.