ಹಾಲೆ ಮರದ ಕಹಿ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಊರಿನ ಬಸ್ಸಿನಲ್ಲಿ ಮುಂಬೈಯ ಬೋರಿವಲಿಗೆ ನಮ್ಮ ಹೆಸರಿಗೆ ಒಂದು ಪೊಟ್ಟಣ ಬರುತ್ತದೆ. ಮಳೆಗಾಲದ ಆಟಿ ತಿಂಗಳ ಈ ಅಮಾವಾಸ್ಯೆಯಂದು, ಜ್ವರ ಕಾಯಿಲೆ ಬಾರದಿರಲಿ ಅಂತ ಹಾಲೆ ಕಷಾಯ ಕುಡಿಯುವುದು ನಮ್ಮ ತುಳುನಾಡಿನ ರೂಢಿ. ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಿಂದ ಬಿಗಿದ ಹಾಲೆ ಮರದ ತೊಗಟೆ. ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ, ಇಲ್ಲಿನ ಮರಾಠಿಯವರಿಗೆ ಸಾತ್ವೀಣ್. ಅದೇ ದಿನ ಬೆಳಕು ಹರಿಯುವ ಮೊದಲೇ ತೆಗೆಯಬೇಕು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕು ಅನ್ನುವುದು ಪದ್ಧತಿ. ಮುಂಬೈಯಲ್ಲಿ ಇರುವವರಿಗೆ ಮೊದಲನೆಯದು ಆಗದ ಮಾತು. 'ಕಲ್ಲಿನಲ್ಲೇ ತೆಗೆದದ್ದು ಅಕ್ಕ' ಅಂತ ಮಾವ ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಸಮಾಧಾನ.

ತೊಗಟೆಯ ಜೊತೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಅಮ್ಮ ಅರೆಯುತ್ತಾರೆ. ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಾರೆ. ಆಮೇಲೆ ಒಂದು ಬಿಳಿ ಬೆಣಚುಕಲ್ಲನ್ನು ಗ್ಯಾಸಿನ ಉರಿಯಲ್ಲಿ ಚೆನ್ನಾಗಿ ಕಾಯಿಸಿ ಪಾತ್ರೆಗೆ ಹಾಕುತ್ತಾರೆ. ಚುಂಯ್ ಅಂತ ರಸ ಕುದಿಯುತ್ತದೆ, ಅಡುಗೆಮನೆ ತುಂಬ ಕಹಿಯ ಹಬೆ. ಸ್ವಲ್ಪವೇ ಕುಡಿದರೂ ಆ ಕಹಿ ನಾಲಿಗೆಯ ಬುಡದಲ್ಲಿ ಬಹಳ ಹೊತ್ತು ಕೂರುತ್ತದೆ. ಮೇಲೆ ಒಂದು ಬಟ್ಟಲು ಮೆಂತೆ ಗಂಜಿ. ಕಷಾಯ ಉಷ್ಣ, ಮೆಂತೆ ತಂಪು ಅನ್ನುವುದು ಅಮ್ಮನ ಲೆಕ್ಕ.

ಈ ಕಹಿ ಎಲ್ಲಿಂದ ಬಂತು? ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿನವರೆಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಹುಳು, ಶಿಲೀಂಧ್ರ ಎಲ್ಲಕ್ಕೂ ಅದರ ಮೇಲೆ ಕಣ್ಣು. ಓಡಿಹೋಗಲು ಆಗದ ಮರ ಅಲ್ಲಿ ಆಲ್ಕಲಾಯ್ಡ್ ಅನ್ನುವ ಕಹಿ ರಾಸಾಯನಿಕಗಳನ್ನು ಕೂಡಿಡುತ್ತದೆ. ಹಾಲೆ ತೊಗಟೆಯಲ್ಲಿ ಮುಖ್ಯವಾದದ್ದು ಎಕಿಟಮೀನ್. ಕಣಗಿಲೆ, ಸರ್ಪಗಂಧ, ನಿತ್ಯಪುಷ್ಪ ಎಲ್ಲ ಹಾಲೆಯ ಕುಟುಂಬದ ಗಿಡಗಳೇ. ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಸಿಕ್ಕಿತು, ಕಣಗಿಲೆ ತಿಂದರೆ ಜೀವವೇ ಹೋಗಬಹುದು. ಮದ್ದು, ವಿಷ ಎರಡೂ ಒಂದೇ ಮನೆಯಲ್ಲಿ ಇವೆ.

ಪಶ್ಚಿಮ ಘಟ್ಟದಿಂದ ಫಿಲಿಪ್ಪೀನ್ಸ್‌ವರೆಗಿನ ಮಳೆಕಾಡುಗಳಲ್ಲಿ ಈ ಮರ ಬೆಳೆಯುತ್ತದೆ. ಫಿಲಿಪ್ಪೀನ್ಸ್‌ನ ಜನ ಇದನ್ನು ದೀತ ಅನ್ನುತ್ತಾರೆ, ಅವರೂ ತೊಗಟೆಯನ್ನು ಜ್ವರಕ್ಕೇ ಬಳಸಿದರು. 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ ಮೇಲೆ, ಅದರ ಬದಲಿಗೆ ಹಾಲೆ ಆಗಬಹುದೇ ಎಂದು ವೈದ್ಯರು ಪರೀಕ್ಷಿಸಿದರು. ಕ್ವಿನೈನ್ ಮಲೇರಿಯಾ ಪರಾವಲಂಬಿಯನ್ನೇ ಕೊಲ್ಲುತ್ತದೆ, ಹಾಲೆಗೆ ಆ ಬಲ ಇಲ್ಲ. ಈ ತೊಗಟೆಯೂ ಸೇರಿರುವ ಆಯುಷ್-64 ಅನ್ನುವ ಆಯುರ್ವೇದದ ಮಾತ್ರೆಯನ್ನು ಒಂದು ಬಗೆಯ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಜೊತೆ ಹೋಲಿಸಿ ನೋಡಿದ್ದಾರೆ. 28ನೇ ದಿನಕ್ಕೆ ಕ್ಲೋರೋಕ್ವಿನ್ ತಗೊಂಡವರೆಲ್ಲ ಗುಣವಾಗಿದ್ದರು, ಆಯುಷ್-64 ತಗೊಂಡವರಲ್ಲಿ ಸುಮಾರು ಅರ್ಧದಷ್ಟು ಜನ. ಮಳೆಗಾಲದ ಮುಂಬೈಯಲ್ಲಿ ಮಲೇರಿಯಾ ಸುಮ್ನೆ ಬಿಡುವ ಕಾಯಿಲೆ ಅಲ್ಲ. ಚಳಿ ಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ, ಡಾಕ್ಟರ ಮಾತ್ರೆ. ಇದನ್ನು ನಮ್ಮ ಮನೆಯಲ್ಲಿ ಅಮ್ಮನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅವರು ಕಷಾಯ ಕೊಡುವುದೂ ಇಲ್ಲ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಮರದ ಗುರುತಿನದು. ಕತ್ತಲಲ್ಲಿ, ಗೊತ್ತಿಲ್ಲದವರು ಹಾಲೆ ಅಂದುಕೊಂಡು ಕಾಸರಕ ಅನ್ನುವ ವಿಷದ ಮರದ ತೊಗಟೆ ತಂದದ್ದಿದೆ, ಅದನ್ನು ಕುಡಿದು ಜೀವ ಕಳೆದುಕೊಂಡವರೂ ಇದ್ದಾರೆ. ಕಾಸರಕದಲ್ಲಿ ಇರುವುದು ಸ್ಟ್ರಿಕ್ನಿನ್, ಬ್ರೂಸಿನ್. ಸ್ನಾಯುಗಳಿಗೆ 'ಸಾಕು, ಸಡಿಲಾಗು' ಅಂತ ಹೇಳುವ ನರದ ಸಂಕೇತವನ್ನೇ ಸ್ಟ್ರಿಕ್ನಿನ್ ತಡೆಯುತ್ತದೆ. ಮೈ ಸೆಟೆದುಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ. ಅದೂ ಕಹಿಯೇ. ಹಾಗಾಗಿ ನಾಲಿಗೆಯನ್ನು ನಂಬುವ ಹಾಗಿಲ್ಲ. ಊರಲ್ಲಿ ಹಿಂದಿನವರು ಹಗಲಲ್ಲೇ ಮರ ನೋಡಿಟ್ಟು ಬರುತ್ತಿದ್ದರು. ಇಡೀ ಪದ್ಧತಿಯಲ್ಲಿ ನಿಜವಾದ ವಿದ್ಯೆ ಅದೇ ಅಂತ ನನಗನಿಸುತ್ತದೆ.

ನಮ್ಮ ಸೊಸೈಟಿಯ ಗೇಟಿನ ಹತ್ತಿರವೂ ಒಂದು ಸಾತ್ವೀಣ್ ಇದೆ. ಅಕ್ಟೋಬರಿನಲ್ಲಿ ಹೂ ಬಿಟ್ಟರೆ ರಾತ್ರಿಯಿಡೀ ಗಾಢ ವಾಸನೆ. ಅದರ ತೊಗಟೆಗೆ ನಾವು ಕೈ ಹಾಕುವುದಿಲ್ಲ. ರಸ್ತೆಯ ಹೊಗೆ, ಧೂಳು ಕುಡಿದ ಮರ. ಸುತ್ತಲೂ ಜಜ್ಜಿದರೆ ಬೇರಿಗೆ ಆಹಾರ ಇಳಿಯದೆ ಸತ್ತೂ ಹೋಗುತ್ತದೆ. ಆದರೆ ಗುರುತು ಕಲಿಯಲು ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ? ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಕೆಳಗೆ ಹೋದೆ. ಕಾಸರಕದ ಎಲೆ ಎರಡೆರಡಾಗಿ ಎದುರುಬದುರು ಇರುತ್ತದೆ, ಬುಡದಿಂದಲೇ ಮೂರರಿಂದ ಐದು ದಪ್ಪ ಗೆರೆ ಎದ್ದಿರುತ್ತವೆ, ಮುರಿದರೆ ಹಾಲು ಬರುವುದಿಲ್ಲ ಅಂತ ಹೇಳಿದೆ. ಅವಳು ಬಗ್ಗಿದ ಕೊಂಬೆಯಲ್ಲಿ ಛತ್ರಿ ಕಡ್ಡಿಗಳ ಹಾಗೆ ಹರಡಿದ ಎಲೆಗಳನ್ನು ಎಣಿಸಿದಳು. ಒಂದರಲ್ಲಿ ಏಳು, ಪಕ್ಕದ್ದರಲ್ಲಿ ಆರು. 'ಆರಿದ್ರೂ ಹಾಲೆನಾ ಅಪ್ಪ?' ಅಂತ ಕೇಳಿದಳು. ಹೌದು ಅಂದೆ. ಒಂದು ಎಲೆಯ ತೊಟ್ಟು ಮುರಿದಳು. ಅವಳ ಹೆಬ್ಬೆರಳಿನ ಮೇಲೆ ಬೆಳ್ಳಗೆ ಹಾಲು ಒಸರಿತು.