ಒಂದು ಹಾಡಿಗೆ ಹೆದರಿದ ಸರ್ಕಾರ: ಹಂಗೇರಿಯ ಝುಝಾ ಕೊಂತ್ಸ್

1973ರಲ್ಲಿ ಹಂಗೇರಿಯ ಸರ್ಕಾರಿ ರೆಕಾರ್ಡ್ ಕಂಪನಿ ಒಂದು ಎಲ್‌ಪಿಯನ್ನು, ಅಂದರೆ ಹಲವು ಹಾಡುಗಳ ಗ್ರಾಮಫೋನ್ ತಟ್ಟೆಯನ್ನು, ಅಂಗಡಿಗಳಿಗೆ ಕಳಿಸಿತು. ಸ್ವಲ್ಪ ದಿನದಲ್ಲೇ ಅದನ್ನು ವಾಪಸ್ ತರಿಸಿಕೊಂಡು, ಸಿಕ್ಕ ಪ್ರತಿಗಳನ್ನೆಲ್ಲ ನಾಶ ಮಾಡಿಸಿತು. ತಟ್ಟೆಯ ಹೆಸರು ‘ಯೆಲ್‌ಬೆಸೇದ್’, ಅಂದರೆ ಸನ್ನೆ ಭಾಷೆ. ಹಾಡಿದವರು ಝುಝಾ ಕೊಂತ್ಸ್, ಆಗ 27 ವರ್ಷ. ದೇಶದ ಮನೆಮನೆಗೂ ಗೊತ್ತಿದ್ದ ದನಿ ಅವರದು. ಅವರನ್ನು ಯಾರೂ ಜೈಲಿಗೆ ಹಾಕಲಿಲ್ಲ, ವೇದಿಕೆಯಿಂದ ಕೆಳಗಿಳಿಸಲೂ ಇಲ್ಲ. ಸರ್ಕಾರಕ್ಕೆ ಬೇಡವಾಗಿದ್ದದ್ದು ಒಂದು ಹಾಡು. ಹಾಡುಗಾರ್ತಿಯನ್ನು ಉಳಿಸಿಕೊಂಡು ಹಾಡನ್ನು ಮಾತ್ರ ಅಳಿಸುವುದು ಆ ಆಡಳಿತಕ್ಕೆ ಕೈಬಂದಿದ್ದ ವಿದ್ಯೆ.

ಝುಝಾ ಹುಟ್ಟಿದ್ದು 1946ರ ಮಾರ್ಚ್ 7ರಂದು, ಹೆವೆಶ್ ಪ್ರಾಂತ್ಯದ ಪೇಯ್ ಎಂಬ ಹಳ್ಳಿಯಲ್ಲಿ. ಮುಂದೆ ಅವರ ಹೆಚ್ಚಿನ ಹಾಡುಗಳಿಗೆ ಸಾಹಿತ್ಯ ಬರೆದ ಯಾನೋಶ್ ಬ್ರೋದಿಯೂ ಅದೇ ವರ್ಷ ಹುಟ್ಟಿದವರು. 1956ರ ನವೆಂಬರ್ 4ರಂದು ಸೋವಿಯತ್ ಟ್ಯಾಂಕ್‌ಗಳು ಬುಡಾಪೆಸ್ಟ್‌ಗೆ ನುಗ್ಗಿ, ಸೋವಿಯತ್ ಹಿಡಿತದ ವಿರುದ್ಧ ಎದ್ದಿದ್ದ ದಂಗೆಯನ್ನು ಹೊಸಕಿಹಾಕಿದಾಗ ಇಬ್ಬರಿಗೂ ಹತ್ತು ವರ್ಷ. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟು ಓಡಿದರು. ದಂಗೆಯ ಹೊತ್ತಿನಲ್ಲಿ ಪ್ರಧಾನಿಯಾಗಿದ್ದ ಇಮ್ರೆ ನಾಜ್ ಅವರನ್ನು 1958ರ ಜೂನ್ 16ರಂದು ಗಲ್ಲಿಗೇರಿಸಲಾಯಿತು. ಅಧಿಕಾರಕ್ಕೆ ಬಂದ ಯಾನೋಶ್ ಕಾದಾರ್ ಕಾಲದಲ್ಲಿ ಆ ದಂಗೆಯನ್ನು ‘ಪ್ರತಿಕ್ರಾಂತಿ’ ಎಂದೇ ಕರೆಯಬೇಕಿತ್ತು, ಇಲ್ಲವೇ ಸುಮ್ಮನಿರಬೇಕಿತ್ತು. ಬಹುತೇಕ ಮನೆಗಳು ಸುಮ್ಮನಿರುವುದನ್ನೇ ಆರಿಸಿಕೊಂಡವು.

1962ರಲ್ಲಿ ಟಿವಿಯ ‘ಕಿ ಮಿತ್ ತುದ್’ ಪ್ರತಿಭಾ ಸ್ಪರ್ಧೆಯಲ್ಲಿ ಗೆಳತಿಯೊಬ್ಬಳ ಜೊತೆ ಹಾಡಿದ ಶಾಲಾ ಹುಡುಗಿ ಝುಝಾ, ನಾಲ್ಕೈದು ವರ್ಷಗಳಲ್ಲಿ ‘ಇಲ್ಲೇಶ್’ ತಂಡದ ಜೊತೆಗಾರ್ತಿಯಾದರು. ಲೆವೆಂತೆ ಸೊರೇನಿ ಮತ್ತು ಬ್ರೋದಿ ಇದ್ದ ಈ ತಂಡ ಹಂಗೇರಿಯನ್ ಭಾಷೆಯಲ್ಲೇ ಸ್ವಂತ ಹಾಡು ಕಟ್ಟಿ, ಜಾನಪದ ಮಟ್ಟುಗಳನ್ನು ಎಲೆಕ್ಟ್ರಿಕ್ ಗಿಟಾರ್ ಮೇಲೆ ತಂದಿತ್ತು. 1969ರಲ್ಲಿ ಝುಝಾ ಅವರ ಮೊದಲ ಎಲ್‌ಪಿ ಬಂತು. ಆಮೇಲೆ ವರ್ಷಕ್ಕೊಂದರಂತೆ ಬರುತ್ತಲೇ ಹೋಯಿತು. ಪೂರ್ವ ಜರ್ಮನಿಯಲ್ಲಿ ಅವರು ಜರ್ಮನ್ ಭಾಷೆಯಲ್ಲೂ ಹಾಡಿ ಹೆಸರು ಮಾಡಿದರು.

ಆಗ ಇಡೀ ದೇಶಕ್ಕೆ ಇದ್ದದ್ದು ಒಂದೇ ರೆಕಾರ್ಡ್ ಕಂಪನಿ, ಅದೂ ಸರ್ಕಾರದ್ದು. ಅದರ ಪಾಪ್ ವಿಭಾಗದಲ್ಲಿ ಪೇಟರ್ ಎರ್ದೋಶ್ ಹೇಳಿದ್ದೇ ಮಾತು. ಹಾಡಿನ ಸಾಹಿತ್ಯವನ್ನು ಮೊದಲೇ ಓದಿ ಒಪ್ಪಿಗೆ ಕೊಡಲು ಸಮಿತಿಗಳಿದ್ದವು. ಇವೆಲ್ಲದರ ಮೇಲೆ, ಆಳುವ ಕಮ್ಯುನಿಸ್ಟ್ ಪಕ್ಷದ ಸಾಂಸ್ಕೃತಿಕ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಗ್ಯೋರ್ಗಿ ಅತ್ಸೇಲ್ ಅವರ ಮೂರು ಖಾನೆಗಳು: ಬೆಂಬಲಕ್ಕೆ ಅರ್ಹವಾದದ್ದು, ಸಹಿಸಿಕೊಳ್ಳಬಹುದಾದದ್ದು, ನಿಷೇಧಿಸಬೇಕಾದದ್ದು. ಇಲ್ಲೇಶ್ ಮತ್ತು ಝುಝಾ ನಡುವಿನ ಖಾನೆಯಲ್ಲಿದ್ದರು. ಈ ನಡುವಿನ ಖಾನೆಯೇ ಅತ್ಯಂತ ಕ್ರೂರವಾದದ್ದು ಎಂದು ನನಗನ್ನಿಸುತ್ತದೆ. ಗೆರೆ ಎಲ್ಲಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ದಾಟಿದ ಮೇಲೆಯೇ ಅದು ಗೊತ್ತಾಗುತ್ತಿತ್ತು. 1970ರಲ್ಲಿ ಲಂಡನ್‌ಗೆ ಹೋಗಿದ್ದ ಇಲ್ಲೇಶ್ ಸದಸ್ಯರು ಬಿಬಿಸಿಗೆ ಕೊಟ್ಟ ಸಂದರ್ಶನದಲ್ಲಿ ತಮ್ಮ ದೇಶದ ಸ್ಥಿತಿಯ ಬಗ್ಗೆ ಮಾತಾಡಿದ್ದಕ್ಕೆ, ಊರಿಗೆ ಬಂದ ಮೇಲೆ ಬಹುಕಾಲ ಕಾರ್ಯಕ್ರಮಗಳಿಂದ ದೂರ ಇಡಲಾಯಿತು.

1973 ಇನ್ನೂ ಬಿಗಿಯಾದ ವರ್ಷ. 1968ರಲ್ಲಿ ಶುರುವಾಗಿದ್ದ ಆರ್ಥಿಕ ಸುಧಾರಣೆಗೆ ಹಿಂದಿನ ವರ್ಷದ ಕೊನೆಯಲ್ಲೇ ಪಕ್ಷ ಕಡಿವಾಣ ಹಾಕಿತ್ತು. ಮಾರ್ಚ್ 15ರಂದು, 1848ರ ಕ್ರಾಂತಿಯ ನೆನಪಿನ ದಿನ, ಬುಡಾಪೆಸ್ಟ್‌ನ ಬೀದಿಗಿಳಿದ ಯುವಕರನ್ನು ಪೊಲೀಸರು ಚದುರಿಸಿದರು. ದಾರ್ಶನಿಕ ಲೂಕಾಚ್ ಅವರ ಶಿಷ್ಯರು ಕೆಲಸ ಕಳೆದುಕೊಂಡರು. ಅದೇ ವರ್ಷ ದಿಯೋಶ್‌ಗ್ಯೋರ್ ಕ್ರೀಡಾಂಗಣದ ದೊಡ್ಡ ಪಾಪ್ ಉತ್ಸವದಲ್ಲಿ ಬ್ರೋದಿ ಮೈಕ್ ಹಿಡಿದು, ಪೊಲೀಸರಿಗೆ ಚುಚ್ಚುವ ಧಾಟಿಯಲ್ಲಿ ಧನ್ಯವಾದ ಹೇಳಿದರು. ಅದಕ್ಕೇ ಅವರ ಮೇಲೆ ಕೇಸು ಬಿತ್ತು.

‘ಯೆಲ್‌ಬೆಸೇದ್’ ಹೊರಬಂದದ್ದು ಈ ಹವೆಯಲ್ಲಿ. ಅದರಲ್ಲಿ ಬ್ರೋದಿ ಬರೆದ ‘ನಾನು ಗುಲಾಬಿಯಾಗಿದ್ದರೆ’ ಎಂಬ ಹಾಡಿತ್ತು. ಗಿಟಾರ್ ಕಲಿಯುವ ಮಕ್ಕಳೂ ನುಡಿಸಬಲ್ಲಷ್ಟು ಸರಳವಾದ ಮಟ್ಟು, ಐದು ಚರಣ. ಗುಲಾಬಿಯಾದರೆ ವರ್ಷಕ್ಕೆ ನಾಲ್ಕು ಸಲ ಅರಳುತ್ತೇನೆ ಎಂದು ಶುರುವಾಗುತ್ತದೆ. ಇಲ್ಲಿಗೆ ಪ್ರೇಮಗೀತೆ. ಮುಂದಿನ ಚರಣದ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಬಂದವರನ್ನು ಯಾರು ಕಳಿಸಿದರು ಎಂದು ಕೇಳುವುದಿಲ್ಲ. ಆಮೇಲೆ ಬರುವ ಕಿಟಕಿ ಇಡೀ ಜಗತ್ತು ಕಾಣುವಷ್ಟು ದೊಡ್ಡದು. ಪಶ್ಚಿಮದ ಗಡಿಗೆ ಮುಳ್ಳುತಂತಿ ಇದ್ದ ದೇಶದಲ್ಲಿ ಇಷ್ಟೇ ಸಾಕಿತ್ತು. ನಾಲ್ಕನೆಯ ಚರಣದ ಬೀದಿ ತಾನು ಸದಾ ಶುಚಿಯಾಗಿರುತ್ತೇನೆ, ಸಂಜೆಯ ಬೆಳಕಿನಲ್ಲಿ ಮೀಯುತ್ತೇನೆ ಎನ್ನುತ್ತದೆ. ಟ್ಯಾಂಕಿನ ಚಕ್ರಪಟ್ಟಿ ತನ್ನನ್ನು ತುಳಿದರೆ ಮಾತ್ರ ಕೆಳಗಿನ ನೆಲವೇ ಅತ್ತು ಕುಸಿಯುತ್ತದೆ. ಯಾವ ಊರು, ಯಾವ ಟ್ಯಾಂಕು ಎಂದು ಹಾಡು ಹೇಳುವುದಿಲ್ಲ. 1956ನ್ನು ಕಂಡವರಿಗೆ ಹೇಳಬೇಕಾಗಿರಲಿಲ್ಲ. ಹಂಗೇರಿಯ ಸೇನೆಯೂ ಸೇರಿ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿ ಆಗಿನ್ನೂ ಐದೇ ವರ್ಷ. ಕೊನೆಗೆ ಬಾವುಟ: ತಾನು ಎಲ್ಲ ಗಾಳಿಗೂ ಆಟಿಕೆಯಾಗಲಾರೆ ಎನ್ನುತ್ತದೆ.

ಝುಝಾ ಇದನ್ನು ಹಾಡಿದ ರೀತಿಯನ್ನು ಗಮನಿಸಬೇಕು. ಎಲ್ಲೂ ಆಲಾಪವಿಲ್ಲ, ಅಳುವಿನ ಬಿಕ್ಕಿಲ್ಲ. ಬೀದಿಯ ಚರಣಕ್ಕೂ ಗುಲಾಬಿಯ ಚರಣಕ್ಕೂ ಒಂದೇ ತಿಳಿಯಾದ ದನಿ. ಒಂದೊಂದು ಪದವೂ ಕಿವಿಗೆ ನೇರ ಬೀಳುತ್ತದೆ. ಈ ಹಾಡಿನ ಮಾತು ಬಂದಾಗೆಲ್ಲ ಬರೆದವರನ್ನು ಹೊಗಳುತ್ತಾರೆ. ಅದು ಸರಿಯೇ. ಆದರೆ ಇಷ್ಟು ಅಪಾಯದ ಸಾಲನ್ನು ಸ್ವಂತ ಹೆಸರಿನ ತಟ್ಟೆಯಲ್ಲಿ, ಮರೆಮಾಚದೆ ಹಾಡಿದವರಿಗೂ ಅಷ್ಟೇ ಪಾಲು ಸಲ್ಲಬೇಕು.

ತಟ್ಟೆ ಹೋಯಿತು, ಹಾಡು ಹೋಗಲಿಲ್ಲ. ಬೇಸಿಗೆ ಶಿಬಿರಗಳ ಬೆಂಕಿಯ ಸುತ್ತ ಕೂತ ಹುಡುಗರು ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. ಇಲ್ಲೇಶ್ ಅದೇ ವರ್ಷ ಒಡೆಯಿತು. ಸೊರೇನಿ, ಬ್ರೋದಿ ಕಟ್ಟಿದ ಹೊಸ ತಂಡ ‘ಫೋನೋಗ್ರಾಫ್’ ಝುಝಾ ಅವರಿಗೆ ಜೊತೆಯಾಯಿತು. ಆಮೇಲೆ ಅವರು ಹಿಡಿದ ದಾರಿ ನೋಡಿ: 1974ರಲ್ಲಿ ಮಕ್ಕಳ ಹಾಡುಗಳ ತಟ್ಟೆ, 1975ರಲ್ಲಿ ಕವಿ ಅತ್ತಿಲ ಯೋಝೆಫ್ ಅವರ ‘ತೋಟಗಾರನಾಗುವೆ’ ಕವಿತೆಯ ಹೆಸರನ್ನೇ ಹೊತ್ತ ತಟ್ಟೆ. ಪಠ್ಯಪುಸ್ತಕದಲ್ಲಿದ್ದ ಕವಿಯನ್ನು ಯಾವ ಅಧಿಕಾರಿ ತಾನೇ ತಡೆಯಬಲ್ಲ? ಇದನ್ನು ಹಿಂಜರಿಕೆ ಎನ್ನುವವರಿರಬಹುದು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ಮಾತಿಗೆ ಇನ್ನೊಂದು ದಾರಿ ಹುಡುಕಿದ್ದು.

1981ರಲ್ಲಿ ಇಲ್ಲೇಶ್ ಮತ್ತೆ ಒಂದಾಗಿ ಬುಡಾಪೆಸ್ಟ್‌ನಲ್ಲಿ ಹಾಡಿದ ದೊಡ್ಡ ಸಂಗೀತ ಕಛೇರಿಯಲ್ಲಿ ಝುಝಾ ಕೂಡ ಇದ್ದರು. 1983ರಲ್ಲಿ ‘ಯೆಲ್‌ಬೆಸೇದ್’ ಮತ್ತೆ ಅಂಗಡಿಗೆ ಬಂತು. ಆದರೆ 1956ರ ದಂಗೆಯ ಬಗ್ಗೆ ಸರ್ಕಾರದ ಮಾತು ಬದಲಾಗಲು 1989 ಬರಬೇಕಾಯಿತು. ಆ ವರ್ಷದ ಜೂನ್ 16ರಂದು ಇಮ್ರೆ ನಾಜ್ ಅವರಿಗೆ ಸಾರ್ವಜನಿಕ ಗೌರವದೊಂದಿಗೆ ಮರು ಅಂತ್ಯಸಂಸ್ಕಾರ ನಡೆಯಿತು. ಝುಝಾ ಅವರಿಗೆ 2008ರಲ್ಲಿ ಹಂಗೇರಿ ಸರ್ಕಾರದ ದೊಡ್ಡ ಸಾಂಸ್ಕೃತಿಕ ಗೌರವವಾದ ಕೋಶುತ್ ಪ್ರಶಸ್ತಿ ಸಿಕ್ಕಿತು.

ಅವರನ್ನು ಮೊದಲ ಸಲ ಕೇಳುವವರು 1973ರ ಆ ಧ್ವನಿಮುದ್ರಣದಿಂದಲೇ ಶುರುಮಾಡಲಿ, ಆಮೇಲೆ ‘ತೋಟಗಾರನಾಗುವೆ’ ಕೇಳಲಿ. ಭಾಷೆ ತಿಳಿಯದಿದ್ದರೂ ದನಿಯ ಆ ನೇರತನ ಎರಡರಲ್ಲೂ ಸಿಗುತ್ತದೆ.