ಶವದ ರಕ್ತದಲ್ಲಿ ಆಲ್ಕೋಹಾಲ್ ಸಿಕ್ಕರೆ ಕುಡಿದಿದ್ದರು ಅಂತಲೇ ಅರ್ಥವಾ?

ಪ್ರಶ್ನೆ: ನಮ್ಮ ಭಾವ ಯಾವತ್ತೂ ಕುಡಿದವರಲ್ಲ. ಅಪಘಾತವಾಗಿ ಎರಡು ದಿನದ ಮೇಲೆ ಅವರ ಶವ ಸಿಕ್ಕಿತು. ಲ್ಯಾಬ್ ವರದಿಯಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಇದೆ ಅಂತ ಬರೆದಿದ್ದಾರೆ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ. ಆ ಒಂದೇ ಸಾಲು ಓದಿ ನಿಮ್ಮ ಭಾವನ ಮೇಲೆ ಅನುಮಾನ ಪಡಬೇಡಿ.

ಮುಂಜಾನೆ ಮರದಿಂದ ಇಳಿಸಿದ ನೀರಾ ಬಿಸಿಲೇರುವ ಹೊತ್ತಿಗೆ ಹೆಂಡವಾಗುತ್ತದೆ, ಅಲ್ವಾ? ಯಾರೂ ಅದಕ್ಕೆ ಮದ್ಯ ಬೆರೆಸುವುದಿಲ್ಲ. ಅದರಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಸತ್ತ ದೇಹದಲ್ಲೂ ಆಗುವುದು ಇದೇ. ಕರುಳಿನ ಸೂಕ್ಷ್ಮಜೀವಿಗಳು ರಕ್ತಕ್ಕೆ ಹರಡಿ ಅಲ್ಲಿನ ಸಕ್ಕರೆಯನ್ನು ಹುಳಿಸುತ್ತವೆ. ಸೆಕೆ ಇದ್ದರೆ, ಶವ ತಡವಾಗಿ ಸಿಕ್ಕರೆ ಜಾಸ್ತಿ. ನಮ್ಮಲ್ಲಿ ವಾಹನ ಓಡಿಸುವವರಿಗಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಒಂದು ಹನಿ ಕುಡಿಯದವರ ಶವವೂ ಅದನ್ನು ದಾಟಬಹುದು.

1989ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಅಯೋವಾದಲ್ಲಿ ಸ್ಫೋಟವಾಗಿ 47 ನಾವಿಕರು ಸತ್ತರು. ಹಲವರ ದೇಹದಲ್ಲಿ ಆಲ್ಕೋಹಾಲ್ ಸಿಕ್ಕಿತು. ಅದು ಸತ್ತ ಮೇಲೆ ದೇಹದಲ್ಲೇ ಹುಟ್ಟಿದ್ದು ಎಂದು ವಿಷಶಾಸ್ತ್ರಜ್ಞರು ವಿವರಿಸಿದರು.

ಹಾಗಾದರೆ ಕುಡಿದದ್ದು ಯಾವುದು, ಕೊಳೆತು ಹುಟ್ಟಿದ್ದು ಯಾವುದು? ಇಲ್ಲಿ ಬಯೋಮಾರ್ಕರ್‌ಗಳು, ಅಂದರೆ ಕುಡಿದದ್ದಕ್ಕೆ ಗುರುತಾಗಿ ದೇಹದಲ್ಲಿ ಉಳಿಯುವ ವಸ್ತುಗಳು, ನೆರವಿಗೆ ಬರುತ್ತವೆ. ಕುಡಿದದ್ದರಲ್ಲಿ ಬಹುಪಾಲು ಯಕೃತ್ತಿನಲ್ಲಿ ಕರಗಿಹೋಗುತ್ತದೆ. ಶೇಕಡಾ 0.1ಕ್ಕಿಂತಲೂ ಕಡಿಮೆ ಪಾಲು ಮಾತ್ರ ಈಥೈಲ್ ಗ್ಲುಕುರೊನೈಡ್ ಆಗುತ್ತದೆ. ಲ್ಯಾಬಿನವರು ಇದಕ್ಕೆ ಇಟಿಜಿ ಅನ್ನುತ್ತಾರೆ. ಇನ್ನೊಂದು ಚೂರು ಈಥೈಲ್ ಸಲ್ಫೇಟ್, ಅಂದರೆ ಇಟಿಎಸ್ ಆಗುತ್ತದೆ. ಇವನ್ನು ಮಾಡುವುದು ಬದುಕಿರುವ ದೇಹ. ರಕ್ತದಲ್ಲಿ ಆಲ್ಕೋಹಾಲ್ ಇದೆ, ಇವೆರಡೂ ಇಲ್ಲ ಅಂದರೆ ಕುಡಿದಿರಲಿಲ್ಲ ಎಂಬ ಮಾತಿಗೆ ದೊಡ್ಡ ಬಲ ಸಿಗುತ್ತದೆ.

ಆದರೆ ಇಟಿಜಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇ. ಕೋಲೈ ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ಇಟಿಜಿಯನ್ನು ಒಡೆದುಹಾಕುತ್ತದೆ, ಇಟಿಎಸ್ ಅನ್ನು ಮುಟ್ಟುವುದಿಲ್ಲ ಎಂದು ಸ್ವೀಡನ್ನಿನ ಸಂಶೋಧಕರಾದ ಆಂಡರ್ಸ್ ಹೆಲಾಂಡರ್ ಮತ್ತು ಹೆಲೆನ್ ಡಾಲ್ 2005ರಲ್ಲಿ ತೋರಿಸಿದರು. ಶವ ತೀರಾ ಕೊಳೆತರೂ ಇಟಿಜಿ ಮಾಯವಾಗಬಹುದು. ಅದಕ್ಕೇ ಎರಡನ್ನೂ ಜೊತೆಗೆ ಹುಡುಕಬೇಕು ಅನ್ನುವುದು.

ಇನ್ನೊಂದು ವಿಷಯವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದು ರಕ್ತ ತುಂಬುವ ಟ್ಯೂಬ್. ಬೂದು ಬಣ್ಣದ ಮುಚ್ಚಳ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ. ಆ ಪುಡಿಯಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ರಕ್ತ ಹಾಕಿದ ಮೇಲೆ ಟ್ಯೂಬನ್ನು ಮೆಲ್ಲಗೆ ಹಲವು ಸಲ ತಲೆಕೆಳಗು ಮಾಡಿ ಬೆರೆಸಿದರೆ ಸೂಕ್ಷ್ಮಜೀವಿಗಳ ಆಟ ನಿಲ್ಲುತ್ತದೆ. ಬೇರೆ ಟ್ಯೂಬಿಗೆ ಹಾಕಿ ಸುಮ್ನೆ ಮೇಜಿನ ಮೇಲೆ ಬಿಟ್ಟರೆ ಟ್ಯೂಬಿನೊಳಗೇ ಆಲ್ಕೋಹಾಲ್ ಹುಟ್ಟಬಹುದು.

ಕುಡಿದಿದ್ದರು ಎಂದಾದರೆ ಅಪಘಾತ ವಿಮೆಯ ಹಣ ಕೈತಪ್ಪಬಹುದು. ಸತ್ತವರ ಹೆಸರಿಗೂ ಮಸಿ. ಹಾಗಾಗಿ ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರನ್ನು ಸಂಕೋಚಪಡದೆ ಕೇಳಿ. ಸಾವಾಗಿ ಎಷ್ಟು ಹೊತ್ತಿಗೆ ರಕ್ತ ತೆಗೆದರು? ತೊಡೆಯ ರಕ್ತನಾಳದಿಂದಲೋ, ಎದೆಯಿಂದಲೋ? ತೊಡೆಯದ್ದೇ ಹೆಚ್ಚು ನಂಬಿಕೆಗೆ ಅರ್ಹ. ಫ್ಲೋರೈಡ್ ಹಾಕಿದ್ದರಾ? ಮೂತ್ರ ಮತ್ತು ಕಣ್ಣುಗುಡ್ಡೆಯೊಳಗಿನ ದ್ರವವನ್ನೂ ನೋಡಿದ್ದಾರಾ? ಕಣ್ಣಿನೊಳಕ್ಕೆ ಸೂಕ್ಷ್ಮಜೀವಿಗಳು ತಡವಾಗಿ ತಲುಪುತ್ತವೆ. ರಕ್ತದಲ್ಲಿ ಆಲ್ಕೋಹಾಲ್ ಇದ್ದು ಕಣ್ಣಿನಲ್ಲೂ ಮೂತ್ರದಲ್ಲೂ ಇಲ್ಲದಿದ್ದರೆ, ಅದು ಸತ್ತ ಮೇಲೆ ಹುಟ್ಟಿದ್ದಿರಬೇಕು. ಲ್ಯಾಬಿನಲ್ಲಿ ಮಾದರಿ ಇನ್ನೂ ಉಳಿದಿದ್ದರೆ, ಇಟಿಜಿ ಮತ್ತು ಇಟಿಎಸ್ ಪರೀಕ್ಷೆ ಮಾಡಿಸಿ ಎಂದು ಬರವಣಿಗೆಯಲ್ಲಿ ಕೇಳಿ.